ಸಹಿ ಯಾರದು, ಪರಿಶೀಲನೆ ಯಾರದು: ಫೋನ್ ಕದ್ದಾಲಿಕೆ, ದೇಶದ ಭದ್ರತೆ ಮತ್ತು ನಮ್ಮ ಖಾಸಗಿತನ

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ರಾಜಕಾರಣಿಗಳ ಹಾಗೂ ಇತರರ ದೂರವಾಣಿಗಳನ್ನು ಕದ್ದಾಲಿಸಲಾಗಿದೆ ಎಂಬ ಆರೋಪ ಅದಕ್ಕೆ ಕಾರಣವಾಗಿತ್ತು. ಆಗ ದೂರವಾಣಿ ಎಂದರೆ ಉಳ್ಳವರ ಮನೆಯ ನಡುಕೋಣೆಯಲ್ಲಿ ಕುಳಿತಿರುತ್ತಿದ್ದ ಭಾರದ ಪೆಟ್ಟಿಗೆ. ಅದರ ಮಾತು ಕದ್ದು ಕೇಳಬೇಕಾದರೆ ವಿನಿಮಯ ಕೇಂದ್ರದಲ್ಲಿ ಯಾರೋ ಒಬ್ಬರು ತಂತಿ ಜೋಡಿಸಬೇಕಿತ್ತು, ಇನ್ನೊಬ್ಬರು ಕಿವಿಗೊಟ್ಟು ಕೂರಬೇಕಿತ್ತು. ಇವತ್ತು ಜೇಬಿನೊಳಗಿನ ಫೋನಿನಲ್ಲಿ ಮಾತಿನ ಜೊತೆಗೆ ಬ್ಯಾಂಕಿನ ಲೆಕ್ಕ, ವೈದ್ಯರ ಚೀಟಿ, ಮಕ್ಕಳ ಚಿತ್ರ, ನಾವು ನಡೆದ ದಾರಿ ಎಲ್ಲವೂ ಇವೆ. ಇವನ್ನೆಲ್ಲ ಜರಡಿ ಹಿಡಿಯಲು ಮನುಷ್ಯರು ಕೂರಲೇಬೇಕೆಂದಿಲ್ಲ, ಯಂತ್ರ ಸಾಕು. ಇಷ್ಟೆಲ್ಲ ಬದಲಾದರೂ ಕೇಳಲು ಅನುಮತಿ ಕೊಡುವ ವಿಧಾನ ಮಾತ್ರ ಬಹಳ ಕಡಿಮೆ ಬದಲಾಗಿದೆ. ಆ ವಿಧಾನವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಒಂದು ತಕ್ಕಡಿಯ ಚಿತ್ರವನ್ನು ನಮ್ಮ ಮುಂದಿಡಲಾಗುತ್ತದೆ. ಒಂದು ತಟ್ಟೆಯಲ್ಲಿ ದೇಶದ ಭದ್ರತೆ, ಇನ್ನೊಂದರಲ್ಲಿ ನಾಗರಿಕನ ಖಾಸಗಿತನ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬುದು ಅದರ ಸೂಚನೆ. ಈ ಚಿತ್ರ ನಮ್ಮ ದಾರಿ ತಪ್ಪಿಸುತ್ತದೆ ಎಂದು ನನ್ನ ನಂಬಿಕೆ. ಎಷ್ಟು ಖಾಸಗಿತನ ಬಿಟ್ಟುಕೊಟ್ಟರೆ ಎಷ್ಟು ಭದ್ರತೆ ಸಿಕ್ಕೀತು ಎಂದು ತೂಗಲು ಕೂತರೆ, ಅದಕ್ಕಿಂತ ಮುಖ್ಯವಾದ ಪ್ರಶ್ನೆ ಹಿಂದೆ ಸರಿಯುತ್ತದೆ: ಒಬ್ಬರ ಮಾತನ್ನು ಕೇಳಬೇಕೆಂದು ಸಹಿ ಹಾಕುವವರು ಯಾರು, ಆ ಸಹಿ ಸರಿಯೇ ಎಂದು ನೋಡುವವರು ಯಾರು, ಅವರಿಬ್ಬರೂ ಬೇರೆ ಬೇರೆಯೇ?

ಮೊದಲಿಗೆ ಒಪ್ಪಬೇಕಾದುದನ್ನು ಒಪ್ಪೋಣ. ಕಣ್ಗಾವಲು ಇಲ್ಲದೆ ಯಾವ ರಾಜ್ಯವೂ ತನ್ನ ಜನರನ್ನು ಕಾಯಲಾರದು. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದ ಹಂತಕರು ಗಡಿಯಾಚೆ ಕುಳಿತ ತಮ್ಮ ಸೂತ್ರಧಾರರೊಂದಿಗೆ ಅಂತರ್ಜಾಲದ ಮೂಲಕ ಸಾಗುವ ಕರೆಗಳಲ್ಲಿ ಮಾತನಾಡುತ್ತಿದ್ದರು. ದಾಳಿ ನಡೆಯುತ್ತಿರುವಾಗಲೇ ಆ ಮಾತುಗಳನ್ನು ಹಿಡಿದು ದಾಖಲಿಸಿದ್ದರಿಂದ, ಕೊಲ್ಲುವ ಆದೇಶ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ನ್ಯಾಯಾಲಯದಲ್ಲಿ ಸಾಕ್ಷ್ಯ ಸಿಕ್ಕಿತು. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ತನಿಖೆ ಮುಂದಕ್ಕೆ ಸಾಗಿದ್ದರಲ್ಲಿ ಸಿಸಿಟಿವಿ ದೃಶ್ಯಗಳ ಪಾತ್ರ ದೊಡ್ಡದು. ಹೀಗಿರುವಾಗ ಕದ್ದಾಲಿಕೆಯೇ ಬೇಡ ಎನ್ನುವುದು ಜವಾಬ್ದಾರಿಯ ಮಾತಾಗದು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಬಹುಕಾಲ ಇದರ ಬೇರು ಇದ್ದುದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮಿನಲ್ಲಿ. ಅದರಲ್ಲಿ ಎರಡು ಬಾಗಿಲುಗಳಿದ್ದವು. ಮೊದಲನೆಯದು, ಸಾರ್ವಜನಿಕ ತುರ್ತುಸ್ಥಿತಿ ಉಂಟಾಗಿರಬೇಕು ಅಥವಾ ಸಾರ್ವಜನಿಕ ಸುರಕ್ಷತೆಯ ಅಗತ್ಯವಿರಬೇಕು. ಈ ಬಾಗಿಲು ದಾಟಿದ ಮೇಲೆ ಎರಡನೆಯದು: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ತಡೆಯುವುದು, ಇವುಗಳಲ್ಲಿ ಒಂದು ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಕಾಗದದ ಮೇಲೆ ಇದು ಬಿಗಿಯಾಗಿಯೇ ಇತ್ತು. ಆದರೆ ಈ ಅಧಿಕಾರವನ್ನು ಬಳಸುವ ಕ್ರಮ ಯಾವುದೆಂದು ಹೇಳುವ ನಿಯಮಗಳೇ ನೂರಕ್ಕೂ ಹೆಚ್ಚು ವರ್ಷ ಇರಲಿಲ್ಲ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ಆದೇಶವನ್ನು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ಅದು ಎರಡು ತಿಂಗಳು ಮಾತ್ರ ಊರ್ಜಿತ, ನವೀಕರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು. ಹಿರಿಯ ಅಧಿಕಾರಿಗಳ ಪರಿಶೀಲನಾ ಸಮಿತಿಯೊಂದು ಪ್ರತಿ ಆದೇಶವನ್ನೂ ನೋಡಬೇಕು.

ಆ ಮೊಕದ್ದಮೆಯಲ್ಲಿ ಇನ್ನೊಂದು ಬೇಡಿಕೆಯೂ ಇತ್ತು. ಕದ್ದಾಲಿಕೆಗೆ ಮುಂಚೆಯೇ ನ್ಯಾಯಾಂಗದ ಪರಿಶೀಲನೆ ಇರಬೇಕು ಎಂದು ಅರ್ಜಿದಾರರು ಕೇಳಿದ್ದರು. ಕಾಯ್ದೆಯಲ್ಲಿ ಅಂಥ ಅವಕಾಶವೇ ಇಲ್ಲದಿರುವಾಗ ತಾನು ಅದನ್ನು ಸೇರಿಸುವುದು ಸಾಧ್ಯವಿಲ್ಲ ಎಂದು ನ್ಯಾಯಾಲಯ ಹಿಂದೆ ಸರಿಯಿತು. ಅದನ್ನು ಮಾಡಬೇಕಾದದ್ದು ಶಾಸನ ರಚಿಸುವವರು ಎಂಬುದು ಅದರ ಇಂಗಿತವಾಗಿತ್ತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಈಗ ಪರಿಶೀಲನಾ ಸಮಿತಿಯತ್ತ ಬರೋಣ, ಏಕೆಂದರೆ ಇಡೀ ವ್ಯವಸ್ಥೆಯ ವಿಶ್ವಾಸಾರ್ಹತೆ ನಿಂತಿರುವುದು ಇದರ ಮೇಲೆ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ ಇದರ ಅಧ್ಯಕ್ಷರು. ಕಾನೂನು ಇಲಾಖೆ ಮತ್ತು ದೂರಸಂಪರ್ಕ ಇಲಾಖೆಯ ಕಾರ್ಯದರ್ಶಿಗಳು ಸದಸ್ಯರು. ರಾಜ್ಯಗಳಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಹಾಗೂ ಇನ್ನೊಬ್ಬ ಕಾರ್ಯದರ್ಶಿ. ಅಂದರೆ ಆದೇಶಕ್ಕೆ ಸಹಿ ಹಾಕುವವರೂ ಅಧಿಕಾರಿ, ಅದನ್ನು ಪರಿಶೀಲಿಸುವವರೂ ಅದೇ ಸರ್ಕಾರದ ಅಧಿಕಾರಿಗಳು. ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ವರದಿಯ ಪ್ರಕಾರ ಇಂಥ ಒಂದೊಂದು ಸಭೆಯ ಮುಂದೆ 15 ಸಾವಿರದಿಂದ 18 ಸಾವಿರ ಆದೇಶಗಳು ಬರುತ್ತವೆ. ಇದು ಆಗುಹೋಗದ ಕೆಲಸ ಎಂದೇ ಆ ವರದಿ ಹೇಳಿತು. ಲೆಕ್ಕ ಹಾಕಿ ನೋಡಿ. ಮೂವರು ಹಿರಿಯ ಅಧಿಕಾರಿಗಳು ಎದ್ದು ಹೋಗದೆ ಎಂಟು ಗಂಟೆ ಕುಳಿತರೂ ಅವರ ಕೈಯಲ್ಲಿರುವುದು 28,800 ಸೆಕೆಂಡು. ಒಂದು ಆದೇಶದ ಪಾಲಿಗೆ ಎರಡು ಸೆಕೆಂಡೂ ಸಿಗದು. ಒಬ್ಬ ಮನುಷ್ಯನ ಮನೆಮಾತನ್ನು ಎರಡು ತಿಂಗಳು ಕೇಳುವುದು ನ್ಯಾಯವೇ ಎಂದು ನಿರ್ಧರಿಸಲು ಅಷ್ಟು ಹೊತ್ತು. ಆ ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಎಂಥ ಪ್ರಾಮಾಣಿಕರಿಗೂ ಈ ಕೆಲಸ ಈ ರೀತಿಯಲ್ಲಿ ಮಾಡಲಾಗದು.

ಇದರ ಜೊತೆಗೆ ಇನ್ನೊಂದು ಮೌನವಿದೆ. ಯಾರ ಫೋನನ್ನು ಕೇಳಲಾಯಿತೋ ಅವರಿಗೆ ಅದು ಯಾವತ್ತೂ ತಿಳಿಯುವುದಿಲ್ಲ. ಕೇಳುತ್ತಿರುವಾಗ ತಿಳಿಸಲಾಗದು ಎಂಬುದು ಸಹಜ. ಆದರೆ ಎಲ್ಲ ಮುಗಿದು, ಏನೂ ಸಿಗದೆ, ಅವರು ನಿರಪರಾಧಿ ಎಂದು ಖಚಿತವಾದ ಮೇಲೂ ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮೊಕದ್ದಮೆ ಹೂಡಿ ಧ್ವನಿಮುದ್ರಿಕೆಯನ್ನು ಸಾಕ್ಷ್ಯವಾಗಿ ತಂದಾಗ ಮಾತ್ರ ಆರೋಪಿಗೆ ಗೊತ್ತಾಗುತ್ತದೆ. ಅಂಥ ಅಪರೂಪದ ಸಂದರ್ಭಗಳಲ್ಲಿ ನ್ಯಾಯಾಲಯಗಳು ಮಾತನಾಡಿವೆ. 2019ರಲ್ಲಿ ಬಾಂಬೆ ಹೈಕೋರ್ಟ್ ಲಂಚದ ಪ್ರಕರಣವೊಂದರಲ್ಲಿ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದುಪಡಿಸಿ, ಅಲ್ಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯೇ ಇರಲಿಲ್ಲ ಎಂದಿತು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಇದೇ ದಾರಿಯಲ್ಲಿ ನಡೆಯಿತು. ಅದಕ್ಕೆ ಕೆಲವೇ ದಿನ ಮುಂಚೆ ದೆಹಲಿ ಹೈಕೋರ್ಟ್ ಭ್ರಷ್ಟಾಚಾರವೂ ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರಬಲ್ಲದು ಎಂಬ ನಿಲುವು ತಳೆದಿತ್ತು. ಮೊದಲ ಬಾಗಿಲಿನ ಅಗಲ ಎಷ್ಟು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ ಎಂದಾಯಿತು.

ಕಂಪ್ಯೂಟರ್ ಮತ್ತು ಅಂತರ್ಜಾಲದ ವಿಷಯಕ್ಕೆ ಬಂದರೆ ಆ ಬಾಗಿಲೇ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು, 2008ರಲ್ಲಿ ತಿದ್ದುಪಡಿಯಾದ ರೂಪದಲ್ಲಿ, ಯಾವುದೇ ಕಂಪ್ಯೂಟರಿನಲ್ಲಿರುವ ಅಥವಾ ಅದರ ಮೂಲಕ ಸಾಗುವ ಮಾಹಿತಿಯನ್ನು ತಡೆದು ನೋಡಲು, ಗೂಢಲಿಪಿಯಲ್ಲಿದ್ದರೆ ಬಿಡಿಸಿಕೊಡುವಂತೆ ಆಜ್ಞಾಪಿಸಲು ಅಧಿಕಾರ ಕೊಡುತ್ತದೆ. ಅಲ್ಲಿ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಷರತ್ತಿಲ್ಲ. ಮೇಲಾಗಿ ಯಾವುದೇ ಅಪರಾಧದ ತನಿಖೆಯೂ ಸಾಕಷ್ಟು ಕಾರಣವಾಗುತ್ತದೆ. ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಈ ಕಲಮಿನಡಿ 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು. ಗುಪ್ತಚರ ದಳ, ಸಿಬಿಐ, ಎನ್‌ಐಎ ಮಾತ್ರವಲ್ಲ, ನೇರ ತೆರಿಗೆ ಮಂಡಳಿಯೂ ಆ ಪಟ್ಟಿಯಲ್ಲಿದೆ. ಇವುಗಳಲ್ಲಿ ಗುಪ್ತಚರ ದಳಕ್ಕೆ ಸಂಸತ್ತು ಮಾಡಿದ ಕಾಯ್ದೆಯ ಆಧಾರವಿಲ್ಲ ಎಂಬುದನ್ನು ಅನೇಕರು ಗಮನಿಸಿರಲಿಕ್ಕಿಲ್ಲ.

ಇಲ್ಲಿಯವರೆಗೆ ನೋಡಿದ್ದು ಮಾತನ್ನು ಕೇಳುವ ವಿಚಾರ. ಮಾತು ಕೇಳದೆಯೂ ತಿಳಿಯುವುದು ಬಹಳವಿದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರಿನ ಹತ್ತಿರದಿಂದ ಎಂಬ ಕರೆ ವಿವರಗಳನ್ನು, ಪೊಲೀಸರ ಮಾತಿನಲ್ಲಿ ಸಿಡಿಆರ್ ಅನ್ನು, ಮೊಬೈಲ್ ಕಂಪನಿಗಳು ಇಟ್ಟುಕೊಂಡಿರಬೇಕು. ಈ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಇವನ್ನು ಪಡೆಯಲು ಗೃಹ ಕಾರ್ಯದರ್ಶಿಯ ಸಹಿ ಬೇಕಿಲ್ಲ, ಕೆಳಗಿನ ಹಂತದ ಅನುಮತಿ ಸಾಕು. ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಪ್ರಯೋಗಾಲಯವೊಂದರಿಂದ ಬಂದ ಕರೆ ಸ್ವೀಕರಿಸಿ, ಕೂಡಲೇ ಕ್ಯಾನ್ಸರ್ ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಊರಿನಲ್ಲಿರುವ ತಾಯಿಯೊಂದಿಗೆ ಒಂದು ಗಂಟೆ ಮಾತನಾಡಿದಳು ಎಂದಿಟ್ಟುಕೊಳ್ಳಿ. ಒಂದು ಪದವನ್ನೂ ಕೇಳದೆ ಅವಳ ದಿನದ ಕಥೆ ಗೊತ್ತಾಗಿಬಿಡುತ್ತದೆ. ‘ನಾನೇನೂ ತಪ್ಪು ಮಾಡಿಲ್ಲ, ನನಗೇಕೆ ಭಯ’ ಎನ್ನುವವರು ಇದನ್ನು ಯೋಚಿಸಬೇಕು. ಗುಟ್ಟು ಬೇರೆ, ಖಾಸಗಿತನ ಬೇರೆ. ಆ ಹೆಣ್ಣುಮಗಳು ಮುಚ್ಚಿಡಬೇಕಾದ ತಪ್ಪು ಏನೂ ಇಲ್ಲ. ಆದರೂ ಆ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕು ಎಂಬ ಆಯ್ಕೆ ಅವಳದೇ ಆಗಿರಬೇಕು.

ಈ ಆಯ್ಕೆಯನ್ನು ಸಂವಿಧಾನದ ಮೂಲಭೂತ ಹಕ್ಕು ಎಂದು ಗುರುತಿಸಲು ಸ್ವತಂತ್ರ ಭಾರತಕ್ಕೆ ಎಪ್ಪತ್ತು ವರ್ಷ ಬೇಕಾಯಿತು, ಮತ್ತು ಅದಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹಿಂದೆ ಇನ್ನೊಬ್ಬ ಅರ್ಜಿದಾರನ ನೆರಳಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ಡಕಾಯಿತಿ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಟ್ಟುಬಿಡಲಾಗಿತ್ತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಅವನ ಮನೆಯ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿಯ ಬಾಗಿಲು ಬಡಿತವನ್ನು ನಿಲ್ಲಿಸಿತಾದರೂ ಖಾಸಗಿತನ ಎಂಬುದು ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಬಹುಮತದಿಂದ ಹೇಳಿತು. ಅದಕ್ಕೆ ಒಪ್ಪದವರಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಒಬ್ಬರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಆ ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಹಳೆಯ ತೀರ್ಪುಗಳನ್ನೇ ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. ಆ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ಉತ್ತರ ಕೊಟ್ಟಿತು: ಅದು ಮೂಲಭೂತ ಹಕ್ಕು, ಬದುಕುವ ಹಕ್ಕಿನಿಂದ ಬೇರ್ಪಡಿಸಲಾಗದ ಹಕ್ಕು. ಆ ಪೀಠದಲ್ಲಿದ್ದವರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಒಬ್ಬರು.

ಆ ತೀರ್ಪು ಹಕ್ಕಿಗೆ ಮಿತಿಯೇ ಇಲ್ಲ ಎನ್ನಲಿಲ್ಲ. ಸರ್ಕಾರ ಅದರೊಳಗೆ ಕೈಹಾಕಬಹುದು, ಆದರೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ. ಅದಕ್ಕೆ ಕಾನೂನಿನ ಆಧಾರವಿದೆಯೇ? ಉದ್ದೇಶ ನ್ಯಾಯಬದ್ಧವೇ? ಉದ್ದೇಶಕ್ಕೆ ಹೋಲಿಸಿದರೆ ಹಸ್ತಕ್ಷೇಪದ ಪ್ರಮಾಣ ಹೆಚ್ಚಾಯಿತೇ? ಮೂರನೆಯದೇ ಕಠಿಣ. ಒಂದು ಬೀದಿಯಲ್ಲಿ ಸರಗಳ್ಳತನ ನಡೆದಾಗ ಆ ಹೊತ್ತಿನ ಕ್ಯಾಮೆರಾ ದೃಶ್ಯ ತೆಗೆದು ನೋಡುವುದು ಪ್ರಮಾಣಬದ್ಧ. ಅದೇ ನೆಪದಲ್ಲಿ ಇಡೀ ಬಡಾವಣೆಯ ಪ್ರತಿಯೊಬ್ಬರ ಓಡಾಟವನ್ನು ಮುಖಚಹರೆಯ ಮೂಲಕ ಗುರುತಿಸಿ ವರ್ಷಗಟ್ಟಲೆ ಕಾಪಿಡುವುದು ಪ್ರಮಾಣ ಮೀರಿದ್ದು. ಬೆಂಗಳೂರಿನಲ್ಲಿ ಸೇಫ್ ಸಿಟಿ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸಲಾಗಿದೆ. ಮಹಿಳೆಯರ ಸುರಕ್ಷತೆ ಅದರ ಉದ್ದೇಶ, ಆ ಉದ್ದೇಶದ ಬಗ್ಗೆ ಯಾರದೂ ತಕರಾರಿರಲಾರದು. ಆದರೆ ಮುಖ ಗುರುತಿಸುವ ತಂತ್ರಾಂಶವನ್ನು ಪೊಲೀಸರು ಎಲ್ಲಿ, ಯಾರ ಮೇಲೆ, ಎಷ್ಟು ಕಾಲ ಬಳಸಬಹುದು ಎಂದು ಹೇಳುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಮೊದಲ ಪ್ರಶ್ನೆಯಲ್ಲೇ ತಡವರಿಸುವ ಸ್ಥಿತಿ ಇದು.

ಮರುವರ್ಷ, 2018ರ ಸೆಪ್ಟೆಂಬರ್‌ನಲ್ಲಿ, ಆಧಾರ್ ಕಾಯ್ದೆಯ ಅಂತಿಮ ತೀರ್ಪು ಬಂತು. ಅದರೊಳಗಿನ ಒಂದು ಸಣ್ಣ ಭಾಗ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದದ್ದು. ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ಆಧಾರ್ ಮಾಹಿತಿಯನ್ನು ಬಹಿರಂಗಪಡಿಸಲು ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಆದೇಶಿಸಬಹುದು ಎಂದು ಆ ಕಾಯ್ದೆಯ 33(2)ನೇ ಕಲಮು ಹೇಳುತ್ತಿತ್ತು. ನ್ಯಾಯಾಲಯ ಆ ಕಲಮನ್ನು ಇದ್ದ ರೂಪದಲ್ಲಿ ರದ್ದುಮಾಡಿ, ಇನ್ನೂ ಹಿರಿಯ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಂಗದವರೊಬ್ಬರು, ಸಾಧ್ಯವಾದರೆ ಹೈಕೋರ್ಟ್‌ನ ಹಾಲಿ ನ್ಯಾಯಮೂರ್ತಿಯೇ ಇರಬೇಕು ಎಂದಿತು. 1996ರಲ್ಲಿ ಆಗದು ಎಂದಿದ್ದನ್ನು ಇಲ್ಲಿ ಅಗತ್ಯ ಎಂದು ಹೇಳಿತ್ತು. 2019ರ ತಿದ್ದುಪಡಿಯಲ್ಲಿ ಸಂಸತ್ತು ಜಂಟಿ ಕಾರ್ಯದರ್ಶಿಯ ಜಾಗದಲ್ಲಿ ಕಾರ್ಯದರ್ಶಿ ಎಂದು ಬದಲಿಸಿತು. ನ್ಯಾಯಮೂರ್ತಿಯನ್ನು ಮಾತ್ರ ಸೇರಿಸಲಿಲ್ಲ.

ಈಗ ಗೂಢಲಿಪೀಕರಣದ ಪ್ರಶ್ನೆ. ವಾಟ್ಸ್‌ಆ್ಯಪ್‌ನಂಥ ಸೇವೆಗಳಲ್ಲಿ ಸಂದೇಶ ಕಳಿಸಿದವರ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ, ತಲುಪಿದವರ ಫೋನಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ನಡುವಿನ ಕಂಪನಿಯ ಬಳಿ ಬೀಗದ ಕೈ ಇರುವುದಿಲ್ಲ. ತನಿಖೆಗೆ ಇದರಿಂದ ತೊಡಕಾಗುತ್ತದೆ ಎಂಬುದು ಸುಳ್ಳಲ್ಲ. ಆದ್ದರಿಂದ ಸಂದೇಶವೊಂದನ್ನು ಮೊದಲು ಕಳಿಸಿದವರು ಯಾರೆಂದು ಪತ್ತೆಹಚ್ಚಿ ಕೊಡಬೇಕು ಎಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಆಜ್ಞಾಪಿಸಿದವು, ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯಿತು. ಪೊಲೀಸರಿಗೊಂದು ಹೆಚ್ಚುವರಿ ಬೀಗದ ಕೈ ಇದ್ದರೆ ತಪ್ಪೇನು ಎಂದು ಕೇಳುವವರು ಗ್ರೀಸ್‌ನಲ್ಲಿ ನಡೆದುದನ್ನು ತಿಳಿಯಬೇಕು. ಅಲ್ಲಿನ ವೊಡಾಫೋನ್ ಜಾಲದ ಯಂತ್ರಗಳಲ್ಲಿ ಪೊಲೀಸರ ಕಾನೂನುಬದ್ಧ ಕದ್ದಾಲಿಕೆಗೆಂದೇ ರೂಪಿಸಿದ ಸೌಲಭ್ಯವಿತ್ತು. 2004ರಿಂದ 2005ರವರೆಗೆ ಯಾರೋ ಅದನ್ನೇ ಗುಟ್ಟಾಗಿ ಚಾಲೂ ಮಾಡಿ ಪ್ರಧಾನಮಂತ್ರಿಯೂ ಸೇರಿದಂತೆ ಸುಮಾರು ನೂರು ಮಂದಿಯ ಫೋನ್‌ಗಳನ್ನು ಕೇಳಿದರು. 2024ರಲ್ಲಿ ಅಮೆರಿಕದಲ್ಲಿಯೂ ಇಂಥದ್ದೇ ಬೆಳಕಿಗೆ ಬಂತು: ಚೀನಾದೊಂದಿಗೆ ನಂಟಿರುವ ಹ್ಯಾಕರ್‌ಗಳು ದೊಡ್ಡ ದೂರಸಂಪರ್ಕ ಕಂಪನಿಗಳೊಳಗೆ ನುಸುಳಿ, ನ್ಯಾಯಾಲಯದ ಆದೇಶದ ಮೇಲಿನ ಕದ್ದಾಲಿಕೆಗಾಗಿ ಕಟ್ಟಿದ್ದ ವ್ಯವಸ್ಥೆಯವರೆಗೂ ತಲುಪಿದ್ದರು. ರಕ್ಷಕರಿಗೆಂದು ಗೋಡೆಯಲ್ಲಿ ಕೊರೆದ ಕಿಂಡಿಗೆ ಬಂದವರು ರಕ್ಷಕರೇ ಎಂದು ತಿಳಿಯುವ ಶಕ್ತಿ ಇರುವುದಿಲ್ಲ. ನಮ್ಮ ಸೈನಿಕರು, ವಿಜ್ಞಾನಿಗಳು, ನ್ಯಾಯಾಧೀಶರು, ಮಂತ್ರಿಗಳು ಬಳಸುವುದೂ ಇದೇ ಫೋನ್‌ಗಳನ್ನು. ಅವರ ಖಾಸಗಿತನವನ್ನು ಕಾಯುವ ಬೀಗವೇ ದೇಶದ ಭದ್ರತೆಯನ್ನೂ ಕಾಯುತ್ತಿದೆ. ತಕ್ಕಡಿಯ ಚಿತ್ರ ಮುರಿದುಬೀಳುವುದು ಇಲ್ಲಿ.

ಪೆಗಾಸಸ್ ಇನ್ನೂ ಮುಂದಿನ ಹೆಜ್ಜೆ. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ಮಾಡಿದ ಆ ಕುತಂತ್ರಾಂಶ ದಾರಿಯಲ್ಲಿ ಸಂದೇಶವನ್ನು ತಡೆಯುವುದಿಲ್ಲ. ಫೋನಿನೊಳಗೇ ಹೊಕ್ಕು, ಬೀಗ ತೆರೆದ ಮೇಲಿನ ಸಂದೇಶವನ್ನು ಓದುತ್ತದೆ, ಮೈಕನ್ನೂ ಕ್ಯಾಮೆರಾವನ್ನೂ ಚಾಲೂ ಮಾಡಬಲ್ಲದು. ಭಾರತದ ಪತ್ರಕರ್ತರು, ವಿರೋಧ ಪಕ್ಷದವರು, ಹೋರಾಟಗಾರರು ಇದರ ಗುರಿಯಾಗಿದ್ದಿರಬಹುದು ಎಂಬ ವರದಿಗಳು 2021ರ ಜುಲೈನಲ್ಲಿ ಬಂದಾಗ, ಇದನ್ನು ಬಳಸಿದ್ದೀರಾ ಇಲ್ಲವಾ ಎಂಬ ಪ್ರಶ್ನೆಗೆ ಸರ್ಕಾರ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ವಿವರವಾದ ಪ್ರಮಾಣಪತ್ರ ಸಲ್ಲಿಸಲು ಒಪ್ಪಲಿಲ್ಲ. ರಾಷ್ಟ್ರೀಯ ಭದ್ರತೆಯ ಹೆಸರು ಹೇಳಿದ ಮಾತ್ರಕ್ಕೆ ಸರ್ಕಾರಕ್ಕೆ ಪ್ರತಿ ಬಾರಿಯೂ ವಿನಾಯಿತಿ ಸಿಗದು ಎಂದು ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಾಂತ್ರಿಕ ಸಮಿತಿಯೊಂದನ್ನು ನೇಮಿಸಿ ಅದರ ಮೇಲ್ವಿಚಾರಣೆಯನ್ನು, ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿಗೆ ವಹಿಸಿತು. ಸಮಿತಿ 29 ಫೋನ್‌ಗಳನ್ನು ಪರೀಕ್ಷಿಸಿತು. ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ ಎಂದು ನಿರ್ಣಯಿಸಲಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ತಿಳಿಸಿದೆ ಎಂಬುದನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2022ರ ಆಗಸ್ಟ್‌ನಲ್ಲಿ ತೆರೆದ ನ್ಯಾಯಾಲಯದಲ್ಲಿ ಹೇಳಿದರು.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ತುಂಬೀತು ಎಂಬ ನಿರೀಕ್ಷೆಯಿತ್ತು. ಖಾಸಗಿ ಕಂಪನಿಗಳಿಗೆ ಅದು 250 ಕೋಟಿ ರೂಪಾಯಿವರೆಗಿನ ದಂಡದ ಭಯ ತಂದಿದೆ, ಒಳ್ಳೆಯದೇ. ಆದರೆ ಭದ್ರತೆ ಮತ್ತು ಸುವ್ಯವಸ್ಥೆಯ ಕಾರಣಗಳಿಗೆ ಕೇಂದ್ರ ಸರ್ಕಾರ ಹೆಸರಿಸುವ ತನ್ನ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 17ನೇ ಕಲಮು ಹೇಳುತ್ತದೆ. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಅಂಥ ವಿನಾಯಿತಿ ಸಂಸತ್ತಿನ ಕಾನೂನಿನ ಮೂಲಕವೇ ಬರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಮಾತಿತ್ತು. ಅಂತಿಮ ಕಾಯ್ದೆಯಲ್ಲಿ ಆ ಮಾತು ಉಳಿಯಲಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ, ಹೊಸದೂ ಅಲ್ಲ. ಬ್ರಿಟನ್ ತನ್ನ 2016ರ ಕಾಯ್ದೆಯಲ್ಲಿ ಜೋಡಿ ಬೀಗದ ಪದ್ಧತಿ ತಂದಿತು: ಮಂತ್ರಿ ಸಹಿ ಹಾಕಿದ ಮೇಲೆ, ಸ್ವತಂತ್ರ ನ್ಯಾಯಾಂಗ ಆಯುಕ್ತರೊಬ್ಬರು ಒಪ್ಪಿದರೆ ಮಾತ್ರ ಕದ್ದಾಲಿಕೆ ಆರಂಭ. ಪ್ರತಿ ವರ್ಷ ಎಷ್ಟು ಆದೇಶಗಳಾದವು ಎಂಬ ಸಂಖ್ಯೆಯನ್ನೂ ಅಲ್ಲಿ ಪ್ರಕಟಿಸುತ್ತಾರೆ. ನ್ಯಾಯಾಧೀಶರ ಬಳಿ ಹೋದರೆ ತಡವಾಗುತ್ತದೆ, ಭಯೋತ್ಪಾದಕ ತಪ್ಪಿಸಿಕೊಳ್ಳುತ್ತಾನೆ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಉತ್ತರ ನಮ್ಮ ನಿಯಮಗಳಲ್ಲೇ ಇದೆ. ತುರ್ತು ಸಂದರ್ಭದಲ್ಲಿ ತನಿಖಾ ಸಂಸ್ಥೆಯ ಮುಖ್ಯಸ್ಥರು ತಾವೇ ಆದೇಶಿಸಿ ಕೆಲಸ ಆರಂಭಿಸಬಹುದು, ಏಳು ಕೆಲಸದ ದಿನಗಳೊಳಗೆ ಗೃಹ ಕಾರ್ಯದರ್ಶಿಯ ಅನುಮೋದನೆ ಸಿಗದಿದ್ದರೆ ಅದು ನಿಂತುಹೋಗುತ್ತದೆ. ಆ ಅನುಮೋದನೆಯ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟರೆ ತಡವೂ ಆಗದು, ಮನೆಯೊಳಗಿನವರೇ ಮನೆಯವರನ್ನು ಪರೀಕ್ಷಿಸುವ ಇಕ್ಕಟ್ಟೂ ಉಳಿಯದು. ಆದೇಶಗಳ ಸಂಖ್ಯೆ ಇಳಿದರೆ ನಿಜವಾದ ಅಪಾಯದತ್ತ ಗಮನ ಕೊಡಲು ಅಧಿಕಾರಿಗಳಿಗೂ ಬಿಡುವು ಸಿಕ್ಕೀತು.

ಇದನ್ನು ಸಂಸತ್ತು ಮಾಡಬಹುದಾಗಿದ್ದ ಸಂದರ್ಭ ತೀರಾ ಹಿಂದಿನದಲ್ಲ. 1885ರ ಕಾಯ್ದೆಯ ಜಾಗಕ್ಕೆ 2023ರ ಡಿಸೆಂಬರ್‌ನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರಡಿಯ ಕದ್ದಾಲಿಕೆ ನಿಯಮಗಳು ಪ್ರಕಟವಾದದ್ದು 2024ರ ಡಿಸೆಂಬರ್ 6ರಂದು. ಪುಟ್ಟಸ್ವಾಮಿಯವರು ಅದೇ ವರ್ಷದ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡು ಇನ್ನೂ ಆರು ವಾರ ತುಂಬಿರಲಿಲ್ಲ. ಹೊಸ ನಿಯಮಗಳ ಪ್ರಕಾರ ಪರಿಶೀಲನಾ ಸಮಿತಿಯಲ್ಲಿ ಮೂರು ಕುರ್ಚಿಗಳಿವೆ: ಸಂಪುಟ ಕಾರ್ಯದರ್ಶಿಗೆ ಒಂದು, ಕಾನೂನು ಕಾರ್ಯದರ್ಶಿಗೆ ಒಂದು, ದೂರಸಂಪರ್ಕ ಕಾರ್ಯದರ್ಶಿಗೆ ಒಂದು. ಸಭೆ ಎರಡು ತಿಂಗಳಿಗೊಮ್ಮೆ.